ಬಾಗಿಲ ಹಿಂದಿನ ಮುಖ

ಆ ಮನೆಯ ಮಲಗುವ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆ. ಆ ಮೊಳೆಗೆ ಮಗುವಿನ ಮುಖ ತೂಗುತ್ತಿತ್ತು.

ಮುಖವೆಂದರೆ ಫೋಟೋ ಅಲ್ಲ. ಫೋಟೋಗಳು ಬೇರೆ ಇದ್ದವು, ಹಜಾರದಲ್ಲಿ, ಗಾಜಿನ ಹಿಂದೆ ನಗುತ್ತ. ಇದು ಬಿಳಿ ಪ್ಲಾಸ್ಟಿಕ್ಕಿನ, ಜರಡಿಯ ಹಾಗೆ ಮೈಯೆಲ್ಲ ತೂತುಗಳಿದ್ದ ಮುಖವಾಡ. ಉಬ್ಬಿದ ಹಣೆ, ಮೊಂಡು ಮೂಗು, ಯಾರ ಮೇಲೋ ಮುನಿಸಿಕೊಂಡಂತೆ ಮುಂದೆ ಬಂದ ಕೆಳದುಟಿ, ಔಷಧಿಗೆ ಊದಿಕೊಂಡ ಕೆನ್ನೆಗಳು, ಎಲ್ಲವೂ ಇದ್ದದ್ದು ಇದ್ದ ಹಾಗೆ. ಕಣ್ಣು ಮುಚ್ಚಿ ಸವರಿದರೆ ಮಗುವೇ. ಕಣ್ಣು ತೆರೆದು ನೋಡಿದರೆ ಹಸಿರು ಬಣ್ಣ ಬಳಿದ ಹಲ್ಲಿ.

ಮಗುವಿನ ಮಿದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ಅದಕ್ಕೆ ಕಿರಣ ಬಿಡುವಾಗ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೇ ಆಸ್ಪತ್ರೆಯಲ್ಲಿ ಒಂದೊಂದು ಮಗುವಿಗೂ ಅದರ ಮುಖಕ್ಕೇ ಕೂಡುವಂಥ ಒಂದು ಮುಖವಾಡ ಮಾಡುತ್ತಾರೆ. ಚೌಕಟ್ಟಿಗೆ ಬಿಗಿದ ಚಪ್ಪಟೆ ಹಾಳೆಯನ್ನು ಬಿಸಿನೀರಿಗೆ ಅದ್ದುತ್ತಾರೆ. ಅದು ಕಲಸಿದ ಹಿಟ್ಟಿನಷ್ಟು ಮೆತ್ತಗಾದಾಗ ತೆಗೆದು, ನೀರು ಒರೆಸಿ, ಮುಖದ ಮೇಲೆ ಎಳೆದು ಒತ್ತುತ್ತಾರೆ. ಆರಿದರೆ ಗಟ್ಟಿ. ಆಮೇಲೆ ಪ್ರತಿದಿನ ಅದನ್ನೇ ಮಗುವಿಗೆ ತೊಡಿಸಿ, ಚೌಕಟ್ಟನ್ನು ಮೇಜಿಗೆ ಕೊಕ್ಕೆ ಹಾಕಿ ಬಿಗಿಯುತ್ತಾರೆ. ಅದನ್ನು ಮಾಡಿದ ದಿನ ತಾಯಿ ಒಳಗೆ ಮಗುವಿನ ಕೈ ಹಿಡಿದು ನಿಂತಿದ್ದಳು. ಅಜ್ಜಿ ಹೊರಗೆ ಬೆಂಚಿನ ಮೇಲೆ ಕೂತು ದೇವರ ಹತ್ತಿರ ಮಾತಾಡುತ್ತಿದ್ದಳು. ಒಳಗೆ ಕಂಡದ್ದನ್ನು ತಾಯಿ ಹೊರಗೆ ಬಂದು ಹೇಳಲಿಲ್ಲ. ಹೇಳಬೇಕಾದ ಮಾತು ಅಂತಲೂ ಅವಳಿಗೆ ಹೊಳೆಯಲಿಲ್ಲ.

ಮುಖವಾಡಕ್ಕೆ ಮೊದಲ ದಿನ ಮಗು ಹೆದರಿತು. ಎರಡನೆಯ ದಿನ ಕಾಯುವ ಕೋಣೆಯ ಗೋಡೆಯ ಮೇಲೆ ಒಂದು ಹಲ್ಲಿ ಅಲ್ಲಾಡದೆ ಕೂತಿದ್ದನ್ನು ನೋಡಿ, "ಅಮ್ಮ, ಅದಕ್ಕೆ ಯಾರೂ ಹೇಳಿಕೊಡದೇನೇ ಬರುತ್ತೆ ನೋಡು" ಅಂದಿತು. ಅವತ್ತಿನಿಂದ ಮಗುವೇ ಹಲ್ಲಿ. ಮುಖವಾಡ ಮಾಡುವ ಟೆಕ್ನಿಷಿಯನ್‌ಗೆ ಅದು ಇಟ್ಟ ಹೆಸರು ಮುಖವಾಡದಣ್ಣ. ಅವನು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕೂತು ಮುಖವಾಡಕ್ಕೆ ಹಸಿರು ಬಳಿದು, ಹಣೆಯ ಮೇಲೆ ಚುಕ್ಕೆ ಇಟ್ಟುಕೊಟ್ಟ.

ಕಿರಣದ ಕೋಣೆಯಲ್ಲಿ ಮಗುವನ್ನು ಬಿಟ್ಟು ಯಾರೂ ಇರುವಂತಿಲ್ಲ. ದಪ್ಪ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ. ಹೊರಗೊಂದು ಪುಟ್ಟ ಪರದೆ, ಒಂದು ಮೈಕು. ಆ ಮೈಕಿನಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು: ಚಂದ್ರನನ್ನು ಹಿಡಿಯಲು ಹೊರಟ ಹಲ್ಲಿಯ ಕಥೆ. ಒಳಗೆ ಮಗುವಿನ ಸುತ್ತ ತಿರುಗುವ ಯಂತ್ರದ ದುಂಡನೆಯ ತಲೆಯೇ ಚಂದ್ರ. ಹಲ್ಲಿ ಅಲ್ಲಾಡಿದರೆ ಚಂದ್ರ ಓಡಿಹೋಗುತ್ತಾನೆ. ಮುಖವಾಡದ ಒಳಗಿಂದ ಬಾಯಿ ಬಿಡಲಾಗದ ಮಗು, ಕಥೆ ಕೇಳಿಸುತ್ತಿದೆ ಅನ್ನುವುದಕ್ಕೆ ಕಾಲಿನ ಹೆಬ್ಬೆರಳು ಅಲ್ಲಾಡಿಸುತ್ತಿತ್ತು.

"ಅದು ಬೆರಳಲ್ಲ ಅಜ್ಜಿ, ಬಾಲ. ಬಾಲ ಅಲ್ಲಾಡಿಸಬಹುದು ಅಂತ ಮುಖವಾಡದಣ್ಣ ಹೇಳಿದಾನೆ" ಎನ್ನುತ್ತಿತ್ತು ಹೊರಗೆ ಬಂದಮೇಲೆ.

ಮಗು ಹೋಗಿ ಒಂದೂವರೆ ವರ್ಷವಾಗಿತ್ತು.

ತಾಯಿ ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಕೊರಳಲ್ಲಿ ಸದಾ ಅಳತೆಯ ಟೇಪು. ಮನೆಗೆ ಬಂದಮೇಲೂ ತೆಗೆಯಲು ಮರೆಯುತ್ತಿದ್ದಳೆಂದು ಅತ್ತೆ, ಮಗುವಿನ ಅಜ್ಜಿ, ಅವಳನ್ನು ಟೇಪಮ್ಮ ಎಂದು ಕರೆಯುತ್ತಿದ್ದಳು. ತಂದೆ ಊರೊಳಗಿನ ಬಸ್ಸು ಓಡಿಸುತ್ತಿದ್ದ. ಮೂವರೂ ಒಬ್ಬರಿಗೊಬ್ಬರು ತೊಂದರೆಯಾಗದ ಹಾಗೆ, ನಿದ್ದೆಗಣ್ಣಿನಲ್ಲಿ ನಡೆಯುವವರಂತೆ ಬದುಕುತ್ತಿದ್ದರು. ಅಂಥ ಮನೆಗಳನ್ನು ದೇವರು ಸದ್ದಿಲ್ಲದೆ ಹಾದುಹೋಗುತ್ತಾನೇನೋ, ಎಬ್ಬಿಸಬಾರದು ಅಂತ.

ತಾಯಿಯ ದಣಿವಿಗೆ ಇನ್ನೊಂದು ಕಾರಣವಿತ್ತು. ಮಗುವನ್ನು ನೋಡಿಕೊಂಡಿದ್ದ ಡಾಕ್ಟರಮ್ಮ ಆಸ್ಪತ್ರೆಯ ಮೇಲಂತಸ್ತಿನ ಒಂದು ಸಣ್ಣ ಕೋಣೆಯಲ್ಲಿ ಮಕ್ಕಳ ಮಿದುಳಿನ ಗೆಡ್ಡೆಗಳ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಗೆಡ್ಡೆಯ ಚೂರುಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಕಾಪಾಡಿ, ಅವು ಹೇಗೆ ಬೆಳೆಯುತ್ತವೆ, ಯಾವುದಕ್ಕೆ ಸಾಯುತ್ತವೆ ಎಂದು ಹುಡುಕುವ ಕೆಲಸ. ಅವುಗಳಲ್ಲಿ ಒಂದು ಚೂರು ಈ ಮಗುವಿನದು. ದೊಡ್ಡವರಿಗೆಂದು ಮಾಡಿದ ಔಷಧಿಯನ್ನೇ ಕಡಿಮೆ ಮಾಡಿ ಮಕ್ಕಳಿಗೆ ಕೊಡುತ್ತೇವೆ, ಮಕ್ಕಳ ಗೆಡ್ಡೆಯ ಜಾತಿಯೇ ಬೇರೆ ಎಂದು ಅವರೊಮ್ಮೆ ವಿವರಿಸಿದಾಗ ತಾಯಿ, "ಅಪ್ಪನ ಅಂಗಿ ಕತ್ತರಿಸಿ ಮಗೂಗೆ ಹೊಲಿದ ಹಾಗೆ. ತೋಳು ಕೂತರೆ ಹೆಗಲು ಕೂರಲ್ಲ" ಅಂದಿದ್ದಳು. ಡಾಕ್ಟರಮ್ಮ ಆ ಮಾತನ್ನು ಬಿಡಲೇ ಇಲ್ಲ. "ಇದನ್ನ ಜನರ ಮುಂದೆ ನೀವೇ ಬಂದು ಹೇಳಿ" ಅಂದರು.

ಅಲ್ಲಿಂದ ಶುರುವಾಯಿತು. ಆ ಕೋಣೆ ಉಳಿಯಬೇಕಾದರೆ ಊರಿನವರ ಬೆಂಬಲ ಬೇಕಿತ್ತು. ತಿಂಗಳಿಗಿಷ್ಟು ಕೊಡುವವರು, ಜೊತೆಗೆ ನಿಲ್ಲುವವರು, ಆಸ್ಪತ್ರೆಯ ಆಡಳಿತದವರಿಗೆ ಇದು ನಮಗೂ ಬೇಕು ಎಂದು ಹೇಳುವವರು. ತಾಯಿ ಕಾರ್ಖಾನೆಯ ಊಟದ ಹಾಲಿನಲ್ಲಿ ಮಾತಾಡಿದಳು, ಗ್ರಂಥಾಲಯದಲ್ಲಿ ಮಾತಾಡಿದಳು, ಅಂಗಡಿಯವರ ಸಂಘದಲ್ಲಿ ಫ್ಯಾನಿನ ಸದ್ದಿನ ಮೇಲೆ ಮಾತಾಡಿದಳು. ಜನ ಬಂದರು, ಕಣ್ಣೊರೆಸಿಕೊಂಡರು, ಚಹಾ ಕುಡಿದರು, ಹೋದರು.

ಹೇಳಿ ಹೇಳಿ ಮಗುವಿನ ಕಥೆ ಬಾಯಿಪಾಠವಾಗಿತ್ತು. ಎಲ್ಲಿ ದನಿ ತಗ್ಗುತ್ತದೆ, ಎಲ್ಲಿ ನಿಂತು ನೀರು ಕುಡಿಯಬೇಕು ಎಂದು ಅವಳಿಗೆ ಮೊದಲೇ ಗೊತ್ತಿರುತ್ತಿತ್ತು. ತನ್ನ ಗಂಟಲಿನಿಂದ ಯಾರೋ ಬೇರೆಯವರ ಮಗುವಿನ ಕಥೆ ಬರುತ್ತಿದೆ ಅನ್ನಿಸುತ್ತಿತ್ತು. ಹೇಳಿದಷ್ಟೂ ಮಗು ಸವೆಯುತ್ತಿತ್ತು. ಸವೆಯದೆ ಉಳಿದದ್ದು ಬಾಗಿಲ ಹಿಂದಿನ ಮುಖ ಒಂದೇ. ಅದನ್ನು ಅವಳು ಯಾವ ಸಭೆಗೂ ಒಯ್ದಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲು ಓರೆ ಮಾಡಿ, ಅದರ ಕೆನ್ನೆಯ ಮೇಲೆ ಅಂಗೈ ಇಡುವಳು. ಅಂಗೈ ತುಂಬುತ್ತಿತ್ತು. ಅಷ್ಟು ಸಾಕಾಗುತ್ತಿತ್ತು ಆ ದಿನಕ್ಕೆ.

ಅತ್ತೆಗೆ ಈ ಸಭೆಗಳೇ ಆಗುತ್ತಿರಲಿಲ್ಲ.

"ಮಗೂನ ಊರವರ ಮುಂದೆ ಹರಡಿ ಕೂರ್ತೀಯಲ್ಲೇ" ಎನ್ನುತ್ತಿದ್ದಳು. "ದೇವರಿಗೆ ಹೇಳಿದ್ದು ಸಾಲದಾ?"

"ದೇವರು ಕೇಳಿಸ್ಕೊಂಡ್ರಾ ಅತ್ತೆ?"

"ಅವನೇನು ಕಿವುಡನಾ? ಅವನಿಗೂ ಸುಸ್ತಾಗಿರುತ್ತೆ, ಪಾಪ. ಎಷ್ಟು ಮನೆ ನೋಡ್ಬೇಕು."

ಹೀಗೆ ದೇವರಿಗೂ ಒಂದು ಪಾಲು ದಣಿವು ಕೊಟ್ಟು ಆ ಮುದುಕಿ ಅವನನ್ನು ಮನೆಯವನನ್ನಾಗಿ ಮಾಡಿಕೊಂಡಿದ್ದಳು.

ಒಂದು ದಿನ ಡಾಕ್ಟರಮ್ಮ ಹೊಲಿಗೆಯಂಗಡಿಗೇ ಬಂದರು. ತೂಗುಹಾಕಿದ ಪುಟ್ಟ ಪುಟ್ಟ ಅಂಗಿಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು.

"ಭಾನುವಾರ ಸಾಯಂಕಾಲ ಶಾಲೆಯ ಹಾಲ್ ಸಿಕ್ಕಿದೆ. ಇದೇ ಕೊನೇ ಸಭೆ ಅಂತ ಕಾಣುತ್ತೆ. ಆಡಳಿತದವರೂ ಬರ್ತಾರೆ. ಜನರಿಗೆ ಬೇಡದ ಕೆಲಸಕ್ಕೆ ಕೋಣೆ ಯಾಕೆ, ಹಳೇ ಕಡತ ಇಡೋಕೆ ಜಾಗ ಇಲ್ಲ ಅಂತ ಅವರ ವಾದ."

"ಮತ್ತೆ ಆ ಪೆಟ್ಟಿಗೆ?" ತಾಯಿ ಕೇಳಿದಳು. ತನ್ನ ಮಗುವಿನ ಚೂರು ಇದ್ದದ್ದು ಅದರಲ್ಲೇ.

ಡಾಕ್ಟರಮ್ಮ ಒಂದು ಪುಟ್ಟ ಅಂಗಿಯ ಗುಂಡಿ ಹಾಕುತ್ತ, ತೆಗೆಯುತ್ತ ಕೂತರು. "ಬೇರೆ ಊರಿನವರು ಯಾರಾದ್ರೂ ತಗೊಂಡ್ರೆ ಕಳಿಸ್ತೀವಿ. ಇಲ್ಲದಿದ್ರೆ..." ಗುಂಡಿ ಮತ್ತೆ ಹಾಕಿದರು. "ನಿಮಗೆ ಸಾಕಾಗಿದೆ ಅಂತ ನನಗೆ ಗೊತ್ತು. ನನಗೂ ಸಾಕಾಗಿದೆ. ಅದಕ್ಕೇ ಫೋನ್ ಮಾಡದೆ ಬಂದೆ."

ಶನಿವಾರ ರಾತ್ರಿಯ ಊಟ ಬಡಿಸುವಾಗ ತಾಯಿ ಅತ್ತೆಗೆ ಹೇಳಿದಳು.

"ನಾಳೆ ಮುಖವಾಡ ತಗೊಂಡು ಹೋಗ್ತೀನಿ. ಮಾತು ಸಾಕಾಗಿದೆ ಅತ್ತೆ. ಅದನ್ನೇ ತೋರಿಸ್ತೀನಿ. ನೋಡಲಿ. ನೋಡಿದ್ರೂ ಏನೂ ಅನ್ನಿಸದಿದ್ರೆ ಆಮೇಲೆ ನಾನು ಎಲ್ಲಿಗೂ ಹೋಗಲ್ಲ."

ಅಜ್ಜಿ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು. ಬೈಯುತ್ತಾಳೆಂದುಕೊಂಡರೆ ಬೈಯಲಿಲ್ಲ.

"ಅದರ ತೂತಲ್ಲೆಲ್ಲ ಧೂಳು ಕೂತಿದೆ ಕಣೇ. ನಾಲ್ಕು ಜನರ ಮುಂದೆ ಹೋಗೋ ವಸ್ತು."

"ಒಂದು ಬಟ್ಟೇಲಿ ಒರೆಸಿದ್ರೆ ಸಾಕು."

"ನೀನು ಒರೆಸ್ತೀಯ. ನನಗೆ ಗೊತ್ತಿಲ್ವಾ ನಿನ್ನ ಒರೆಸಾಟ."

ಅಜ್ಜಿ ಹರೆಯದಲ್ಲಿ ಹಾಲಿನ ಅಂಗಡಿ ನಡೆಸಿದವಳು. ದಿನಕ್ಕೆ ಎರಡು ಹೊತ್ತು ಕ್ಯಾನುಗಳಿಗೆ ಕುದಿನೀರು ಹಾಕಿ ತೊಳೆದ ಕೈ ಅದು. ಮಗುವಿಗೆ ಕಾಯಿಲೆ ಬಂದು, ಮೈಯಲ್ಲಿ ರೋಗ ತಡೆಯುವ ಶಕ್ತಿ ಇಳಿದಾಗ, ಅದು ಮುಟ್ಟುವುದನ್ನೆಲ್ಲ ಬಿಸಿನೀರಿನಲ್ಲಿ ತೊಳೆಯಿರಿ ಎಂದು ಡಾಕ್ಟರಮ್ಮ ಹೇಳಿದ್ದರು. ಲೋಟ, ಚಮಚ, ಬಾಚಣಿಗೆ, ಕಿವಿ ಹರಿದ ಬಟ್ಟೆಯ ಮೊಲ, ಬಣ್ಣದ ಮಣಿಗಳು, ಎಲ್ಲವನ್ನೂ ಅಜ್ಜಿ ದಿನವೂ ಬಿಸಿನೀರಿಗೆ ಹಾಕಿ ತೆಗೆದಳು. ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕಾದರೂ ಬಿಡಲಿಲ್ಲ. ಆ ಮನೆಯಲ್ಲಿ ಅವಳ ಪಾಲಿನ ಪೂಜೆ ಅದೇ ಆಗಿತ್ತು. ಮಗುವಿನ ವಸ್ತು ಎಂದರೆ ಬಿಸಿನೀರು.

ಭಾನುವಾರವೂ ತಾಯಿಗೆ ಅರ್ಧ ದಿನ ಕೆಲಸವಿತ್ತು. ಶಾಲೆ ತೆರೆಯುವ ಕಾಲ, ಅಂಗಡಿಗೆ ಪುರುಸೊತ್ತಿಲ್ಲ. ಹೊರಡುವಾಗ ಬಾಗಿಲು ಓರೆ ಮಾಡಿ, ಕೆನ್ನೆಯ ಮೇಲೆ ಅಂಗೈ ಇಟ್ಟು, "ಬಂದು ಕರ್ಕೊಂಡು ಹೋಗ್ತೀನಿ" ಅಂದಳು. ಗಟ್ಟಿಯಾಗಿ ಹೇಳಿದೆನೇನೋ ಎಂದು ನಾಚಿ ಹಿಂತಿರುಗಿ ನೋಡಿದಳು. ಅಡುಗೆಮನೆಯಲ್ಲಿ ಅತ್ತೆ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಡುತ್ತಿದ್ದಳು. ಸ್ನಾನಕ್ಕಿರಬೇಕು ಎಂದುಕೊಂಡಳು.

ಮಧ್ಯಾಹ್ನ ವಾಪಸು ಬಂದಾಗ ಮನೆ ಸದ್ದಿಲ್ಲದೆ ಇತ್ತು. "ಅತ್ತೇ" ಎಂದು ಕರೆದರೆ ಉತ್ತರವಿಲ್ಲ. ಬಾಗಿಲ ಹಿಂದೆ ಮೊಳೆ ಮಾತ್ರ. ಬಚ್ಚಲುಮನೆಯ ಬಾಗಿಲು ತಳ್ಳಿದಳು.

ಅಜ್ಜಿ ಒದ್ದೆ ನೆಲದ ಮೇಲೆ, ಬಕೆಟ್ಟಿನ ಪಕ್ಕದಲ್ಲಿ ಕೂತಿದ್ದಳು. ಮಡಿಲಲ್ಲಿ ಒಂದು ಚೌಕಟ್ಟು. ಚೌಕಟ್ಟಿನೊಳಗೆ ತೂತು ತೂತಿನ ಒಂದು ಬಿಳಿ ಹಾಳೆ, ಮೇಜಿನಷ್ಟು ಚಪ್ಪಟೆ. ಅಲ್ಲಲ್ಲಿ ಹಸಿರು ಬಣ್ಣದ ಸಿಪ್ಪೆ ಅಂಟಿಕೊಂಡಿತ್ತು. ಉಳಿದದ್ದು ಬಕೆಟ್ಟಿನ ನೀರಿನ ಮೇಲೆ ತೇಲುತ್ತಿತ್ತು.

"ಕರಗಲಿಲ್ಲ ಕಣೇ" ಅಂದಳು ಅಜ್ಜಿ, ತಲೆ ಎತ್ತದೆ. "ಕರಗಲಿಲ್ಲ. ಮಲಗಿಬಿಡ್ತು. ಮುಖ ಎತ್ಕೊಂಡೇ ಇತ್ತು, ನಾನು ನೋಡ್ತಾ ನೋಡ್ತಾನೇ ಹಾಗೇ ಮಲಗಿಬಿಡ್ತು. ಕೈಯಲ್ಲಿ ಎತ್ತಿ ಹಿಡಿದೆ. ನಿಲ್ಲಲಿಲ್ಲ."

ತಾಯಿ ಬಗ್ಗಿ ಹಾಳೆಯ ಮೇಲೆ ಅಂಗೈ ಇಟ್ಟಳು. ಗೋಡೆ ಮುಟ್ಟಿದ ಹಾಗಾಯಿತು. ಇನ್ನೊಂದು ಕಡೆ ಇಟ್ಟಳು. ಅಲ್ಲೂ ಗೋಡೆ. ಕೂಗಬೇಕು ಅನ್ನಿಸಿತು, ಆದರೆ ಕೂಗುವುದಕ್ಕೆ ಬೇಕಾದ ತ್ರಾಣ ಮೈಯಲ್ಲಿ ಎಲ್ಲೂ ಇರಲಿಲ್ಲ.

"ತೊಳೆದಿರಲ್ಲ ಅತ್ತೆ" ಅಂದಳು ಮೆಲ್ಲಗೆ. "ಚೆನ್ನಾಗಿ ತೊಳೆದಿರಿ."

ಅದಕ್ಕಿಂತ ಕೆಟ್ಟ ಮಾತನ್ನು ಆ ಮನೆಯಲ್ಲಿ ಯಾರೂ ಯಾರಿಗೂ ಆಡಿರಲಿಲ್ಲ. ಅಜ್ಜಿ ತಲೆಯಾಡಿಸಿದಳು, ಕೊಟ್ಟದ್ದನ್ನು ತೆಗೆದುಕೊಂಡವಳ ಹಾಗೆ.

ತಂದೆ ಪಾಳಿಯ ನಡುವೆ ಊಟಕ್ಕೆ ಬಂದಾಗ ಹೆಂಡತಿ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಜ್ಜಿ ಇನ್ನೂ ಬಚ್ಚಲುಮನೆಯಲ್ಲಿ. ಅವನು ಹಾಳೆಯನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮಗ್ಗುಲು ತಿರುಗಿಸಿ ನೋಡಿದ. ಎಲ್ಲಾದರೂ ಮೂಗಿನ ಗುರುತು ಉಳಿದಿದೆಯೇನೋ ಎಂದು ಹೆಬ್ಬೆರಳಿಂದ ಸವರಿದ. ಕೊನೆಗೆ ಮುಖವಾಡದಣ್ಣನಿಗೆ ಫೋನು ಮಾಡಿದ, ಮೂವರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿ.

ಆದದ್ದನ್ನು ಹೇಳಿದ.

"ಅಣ್ಣ" ಅಂದ ಆ ಕಡೆಯಿಂದ ಮುಖವಾಡದಣ್ಣ. "ಆ ಹಾಳೆಗೆ ತಾನು ಹಾಳೆ ಅನ್ನೋದೊಂದೇ ನೆನಪಿರೋದು. ಬಿಸಿ ತಾಗಿದ್ರೆ ಹುಟ್ಟಿದ ಹಾಗೇ ಆಗಿಬಿಡುತ್ತೆ. ನಾನು ಹೇಳಬೇಕಿತ್ತು ನಿಮಗೆ. ಮನೆಗೆ ಕೊಡುವಾಗ ಹೇಳಬೇಕಿತ್ತು."

"ಮತ್ತೆ ಸರಿ ಮಾಡೋಕಾಗುತ್ತಾ?"

"ಆ ಮುಖ ಬರಬೇಕಾದ್ರೆ ಆ ಮುಖವೇ ಬೇಕಲ್ಲಣ್ಣ."

ಮಂಚದ ಮೇಲೆ ತಾಯಿ ಕಣ್ಣು ಮುಚ್ಚಿಕೊಂಡಳು. ಅಜ್ಜಿ ಬಾಗಿಲ ಹತ್ತಿರ ಬಂದು ನಿಂತಿದ್ದಳು, ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಬೇರೆ ಮುಖಕ್ಕೆ ಹಾಕೋಕೆ ಬರುತ್ತಾ ಅದನ್ನ?" ಎಂದು ಕೇಳಿದಳು.

"ರೋಗಿಗಾದ್ರೆ ಹಾಕಲ್ಲ ಅಜ್ಜಿ. ಸುಮ್ನೆ ತೋರಿಸೋಕಾದ್ರೆ ಒಂದೆರಡು ಸಲ ಬರಬಹುದು. ಯಾಕೆ?"

"ಸುಮ್ನೆ ಕೇಳಿದೆ. ನಿನ್ನ ಆ ಕೊಕ್ಕೆ ಹಾಕೋ ಹಲಗೆ, ಮಾಡೋಕೆ ಬೇಕಾದ್ದು ಎಲ್ಲಾ ಸಾಯಂಕಾಲಕ್ಕೆ ಶಾಲೆ ಹತ್ರ ತಾ."

ಅಷ್ಟು ಹೇಳಿ ಸೀರೆ ಬದಲಾಯಿಸಲು ಹೋದಳು.

"ನಾನು ಬರಲ್ಲ ರೀ" ಅಂದಳು ತಾಯಿ. "ಏನು ತೋರಿಸ್ಲಿ ಹೋಗಿ? ಜರಡೀನಾ?"

ಗಂಡ ಮಂಚದ ತುದಿಯಲ್ಲಿ ಕೂತು ಅವಳ ಕೊರಳಿನಿಂದ ಟೇಪು ತೆಗೆದು ಸುತ್ತಿಟ್ಟ. "ಬಸ್ಸು ಹತ್ತು ಸಾಕು. ಅಲ್ಲಿ ತನಕ ಬಾ. ಇಳಿಯೋಕೆ ಮನಸ್ಸಾಗದಿದ್ರೆ ಇಳೀಬೇಡ. ಕೊನೇ ನಿಲ್ದಾಣಕ್ಕೆ ಹೋಗಿ ಇದೇ ಬಸ್ಸು ತಾನೇ ವಾಪಸ್ ಬರೋದು. ನಾನೇ ಇರ್ತೀನಿ."

ಅವನು ಬೇರೇನು ಹೇಳಿದ್ದರೂ ಅವಳು ಏಳುತ್ತಿರಲಿಲ್ಲ.

ಶಾಲೆಯ ಹಾಲಿನಲ್ಲಿ ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ಆಡಳಿತದ ಇಬ್ಬರು. ಒಬ್ಬರು ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಹಿಂದೆ ಚಹಾದ ಡ್ರಮ್ಮಿನ ಪಕ್ಕದ ಕುರ್ಚಿಯಲ್ಲಿ, ಎಲ್ಲ ಸಭೆಗೂ ಬರುವ ಒಬ್ಬ ಮುದುಕ. ಅವನು ಚಹಾಕ್ಕೇ ಬರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು, ಅವನೂ ಮುಚ್ಚಿಟ್ಟಿರಲಿಲ್ಲ.

ಡಾಕ್ಟರಮ್ಮ ಮಾತಾಡಿದರು. ಆಮೇಲೆ ತಾಯಿಯನ್ನು ಕರೆದರು.

ತಾಯಿ ಮೈಕಿನ ಮುಂದೆ ನಿಂತು ಶುರುಮಾಡಿದಳು. "ನನ್ನ ಮಗಳಿಗೆ ಆರು ತುಂಬಿತ್ತು. ಒಂದು ದಿನ ಬೆಳಿಗ್ಗೆ ಎದ್ದು ತಲೆನೋವು ಅಂದಳು." ಮುಂದಿನ ಮಾತು ಯಾವುದೆಂದು ನಾಲಿಗೆಗೆ ಗೊತ್ತಿತ್ತು. ಅದರ ಮುಂದಿನದೂ ಗೊತ್ತಿತ್ತು. ದನಿ ತಗ್ಗುವ ಜಾಗ ಹತ್ತಿರ ಬಂತು. ಅಲ್ಲಿ ಅವಳು ನಿಂತುಬಿಟ್ಟಳು. ನೀರು ಕುಡಿಯಲಿಲ್ಲ. ಹಾಲಿನಲ್ಲಿ ಯಾರೋ ಕೆಮ್ಮಿದರು. ಗಡಿಯಾರ ನೋಡುತ್ತಿದ್ದವರು ತಲೆ ಎತ್ತಿದರು.

"ನನಗೆ ಇವತ್ತು ಹೇಳೋಕಾಗ್ತಿಲ್ಲ" ಅಂದಳು.

ಆಗ ಎರಡನೆಯ ಸಾಲಿನಿಂದ ಅಜ್ಜಿ ಎದ್ದಳು. ಕಂಕುಳಲ್ಲಿ ಆ ಚೌಕಟ್ಟು.

"ಅವಳು ತೋರಿಸಬೇಕು ಅಂದುಕೊಂಡಿದ್ದನ್ನ ನಾನು ತೊಳೆದು ಹಾಕಿದೆ" ಎಂದು ಯಾರಿಗೂ ನಿರ್ದಿಷ್ಟವಾಗಿ ಹೇಳದೆ ಹೇಳಿದಳು. "ಅದಕ್ಕೆ ನಾನೇ ಮಲಗ್ತೀನಿ." ಮೂಲೆಯಲ್ಲಿ ತಟ್ಟೆಗೆ ಬಿಸಿನೀರು ತುಂಬಿಸಿಕೊಂಡು ನಿಂತಿದ್ದ ಮುಖವಾಡದಣ್ಣನ ಕಡೆ ತಿರುಗಿದಳು. "ಹಾಕಪ್ಪ ನನಗೆ. ನನ್ನ ಮೊಮ್ಮಗಳಿಗೆ ಹೇಗೆ ಹಾಕಿದ್ಯೋ ಹಾಗೇ ಹಾಕು. ಮುದುಕಿ ಅಂತ ಸಡಿಲ ಬಿಡಬೇಡ."

"ಅಜ್ಜಿ, ಉಸಿರು ಕಟ್ಟಿದ ಹಾಗಾಗುತ್ತೆ..."

"ಮಗೂಗೆ ಆಗಿರಲಿಲ್ವಾ?"

ಡಾಕ್ಟರಮ್ಮ ಅಜ್ಜಿಯ ನಾಡಿ ಹಿಡಿದು ನೋಡಿ, "ನಾನಿಲ್ಲೇ ಇರ್ತೀನಿ, ಕೈ ಎತ್ತಿದ್ರೆ ತಕ್ಷಣ ತೆಗೀತೀವಿ" ಅಂದರು. ವೇದಿಕೆಯ ಉದ್ದನೆಯ ಮೇಜಿನ ಮೇಲೆ ಅಜ್ಜಿಯನ್ನು ಮಲಗಿಸಿದರು. ಕನ್ನಡಕ ತೆಗೆದರು. ಮುಖವಾಡದಣ್ಣ ಹಾಳೆಯನ್ನು ತಟ್ಟೆಯಲ್ಲಿ ಅದ್ದಿ, ಅದು ಜೋಲುವ ತನಕ ಕಾದು, ಟವಲಿನಿಂದ ನೀರೊತ್ತಿ ಅವಳ ಮುಖದ ಮೇಲೆ ಎಳೆದ. ಮುಂದಿನ ಸಾಲಿನವರು ತಮ್ಮ ಮುಖದ ಮೇಲೇ ಬಿದ್ದಂತೆ ಹಿಂದಕ್ಕೆ ವಾಲಿದರು. ಅವನು ಹಣೆ ಒತ್ತಿದ, ಮೂಗಿನ ಎರಡು ಬದಿ ಒತ್ತಿದ, ಗಲ್ಲದ ಕೆಳಗೆ ಒತ್ತಿದ. ಆರಲು ಬಿಟ್ಟ. ಕೊಕ್ಕೆಗಳು ಒಂದೊಂದಾಗಿ ಟಕ್ ಟಕ್ ಎಂದು ಹಲಗೆಗೆ ಬಿದ್ದವು. ಆ ಸದ್ದು ಹಾಲಿನ ಕೊನೆಯ ತನಕ ಕೇಳಿಸಿತು.

"ಇನ್ನು ಎಲ್ಲರೂ ಹೊರಗೆ ಹೋಗಬೇಕು" ಅಂದ ಅವನು ಜನರ ಕಡೆ ತಿರುಗಿ. ದಿನವೂ ಹೇಳುವ ಮಾತು, ಅದೇ ದನಿ. "ಮಗು ಒಂದೇ ಇರುತ್ತೆ ಒಳಗೆ."

ವೇದಿಕೆಯಿಂದ ಎಲ್ಲರೂ ಇಳಿದರು. ಡಾಕ್ಟರಮ್ಮ ಮೆಟ್ಟಿಲ ಮೇಲೆ, ಅಜ್ಜಿಯ ಕೈಯ ಮೇಲೆ ಕಣ್ಣಿಟ್ಟು ನಿಂತರು. ದೊಡ್ಡ ವೇದಿಕೆ, ನಡುವೆ ಮೇಜು, ಅದರ ಮೇಲೆ ಒಂದು ಪುಟ್ಟ ದೇಹ. ವಯಸ್ಸು ಆ ಮುದುಕಿಯನ್ನು ಎಷ್ಟು ಕುಗ್ಗಿಸಿತ್ತೆಂದರೆ ದೂರದಿಂದ ನೋಡಿದವರಿಗೆ ಅಲ್ಲಿ ಮಲಗಿದ್ದು ಮುದುಕಿಯೋ ಮಗುವೋ ತಿಳಿಯುವಂತಿರಲಿಲ್ಲ. ಪಾದಗಳು ಮಾತ್ರ ಸೀರೆಯಿಂದ ಆಚೆ ಕಾಣುತ್ತಿದ್ದವು.

ತಾಯಿಯ ಕೈಯಲ್ಲಿ ಮೈಕು ಹಾಗೇ ಉಳಿದಿತ್ತು. ವೇದಿಕೆಯ ಕೆಳಗೆ, ಗೋಡೆಗೆ ಒರಗಿ ನಿಂತಿದ್ದಳು. ಮೇಜಿನ ಮೇಲೆ ಅತ್ತೆಯ ಎದೆ ಜೋರಾಗಿ ಏರಿಳಿಯುವುದು ಕಂಡಿತು. ಹೆದರಿದ್ದಾಳೆ, ಅನ್ನಿಸಿತು ಅವಳಿಗೆ. ಆ ಹೆದರಿಕೆಗೆ ಏನು ಮಾಡಬೇಕೆಂಬುದು ಮಾತ್ರ ಅವಳು ಮರೆತಿರಲಿಲ್ಲ.

"ಇಲ್ಲೇ ಇದ್ದೀನಿ" ಅಂದಳು ಮೈಕಿನಲ್ಲಿ. "ಹೊರಗೇ ಇದ್ದೀನಿ. ನಿಮ್ಮನ್ನ ನೋಡ್ತಾ ಇದ್ದೀನಿ. ಅಲ್ಲಾಡಬೇಡಿ ಅತ್ತೆ."

ಎದೆಯ ಏರಿಳಿತ ಕಡಿಮೆಯಾಗಲಿಲ್ಲ.

"ಒಂದು ಹಲ್ಲಿ ಇತ್ತು" ಎಂದಳು ತಾಯಿ. ಇದನ್ನು ಅವಳು ಯಾವ ಸಭೆಯಲ್ಲೂ ಹೇಳಿರಲಿಲ್ಲ, ಇದು ಅವಳ ಕಥೆಯಲ್ಲ, ಅತ್ತೆಯದು. "ಬೇರೆ ಹಲ್ಲಿಗಳೆಲ್ಲ ಸೊಳ್ಳೆ, ನೊಣ ಹಿಡಿದು ತಿಂತಿದ್ರೆ ಇದು ಮಾತ್ರ, ಥೂ, ನನಗೆ ಅದೆಲ್ಲ ಬೇಡ, ಚಂದ್ರನ್ನೇ ಹಿಡೀತೀನಿ ಅಂತು. ಅದರಮ್ಮ ಅಂದಳು, ಏನೇ, ನಿನ್ನ ಬಾಯೆಷ್ಟು, ಚಂದ್ರ ಎಷ್ಟು. ಅಮ್ಮ, ನಾನು ಚೂರು ಚೂರೇ ತಿಂತೀನಿ, ಅಂತು ಹಲ್ಲಿ."

ಹಾಲಿನಲ್ಲಿ ಯಾರೋ ನಕ್ಕರು, ನಕ್ಕದ್ದಕ್ಕೆ ತಾವೇ ಬೆಚ್ಚಿದರು.

"ಚಂದ್ರ ಬಲು ಸಂಶಯದವನು. ಮನೆ ಸುತ್ತ ಸುತ್ತಿ ನೋಡ್ತಾನೆ. ಈ ಕಡೆ ಬರ್ತಾನೆ, ಯಾರಾದ್ರೂ ಎಚ್ಚರ ಇದ್ದಾರಾ? ಆ ಕಡೆ ಹೋಗ್ತಾನೆ, ಯಾರಾದ್ರೂ ಅಲ್ಲಾಡಿದ್ರಾ? ಹಲ್ಲಿ ಕಲ್ಲಿನ ಹಾಗೆ ಬಿದ್ದಿದೆ. ಮೂಗು ಕೆರೆಯುತ್ತೆ, ಕೆರ್ಕೊಳ್ಳಲ್ಲ. ಅಳು ಬರುತ್ತೆ, ಅಳಲ್ಲ. ಚಂದ್ರ ಹತ್ತಿರ ಬಂದ. ಇನ್ನೂ ಹತ್ತಿರ ಬಂದ. ಕಿಟಕಿ ಒಳಗೆ ತಲೆ ಹಾಕಿದ..."

ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಅಷ್ಟು ಹೊತ್ತಿಗೆ ಪ್ರತಿದಿನ ಯಂತ್ರ ನಿಲ್ಲುತ್ತಿತ್ತು, ದಪ್ಪ ಬಾಗಿಲು ತೆರೆಯುತ್ತಿತ್ತು. ಮಿಕ್ಕದ್ದು ನಾಳೆ ಎಂದು ಅಜ್ಜಿ ಮೈಕು ಇಡುತ್ತಿದ್ದಳು.

"ಮುಂದಿಂದು ನನಗೆ ಗೊತ್ತಿಲ್ಲ" ಅಂದಳು ತಾಯಿ. "ಕೇಳಿಸ್ತಾ ಇದೆಯಾ ಅತ್ತೆ?"

ಮೇಜಿನ ಆ ತುದಿಯಲ್ಲಿ, ಸೀರೆಯ ಅಂಚಿನ ಆಚೆ, ಬಿರುಕುಬಿಟ್ಟ ಹಿಮ್ಮಡಿಯ ಒಂದು ಕಾಲಿನ ಹೆಬ್ಬೆರಳು ಮೇಲಕ್ಕೂ ಕೆಳಕ್ಕೂ ಆಡಿತು.

ತಾಯಿಯ ಗಂಟಲಿನಿಂದ ಒಂದು ಸದ್ದು ಬಂತು. ಮೈಕು ಅದನ್ನು ಹಾಲಿಗೆಲ್ಲ ಹಂಚಿತು. ಅದು ಅಳುವೋ ನಗೆಯೋ ಕೇಳಿದವರಿಗೆ ತಿಳಿಯಲಿಲ್ಲ. ಬಾಯಿಪಾಠದಲ್ಲಿ ಎಲ್ಲೂ ಇರದಿದ್ದ ಮಗು, ಪರದೆಯ ಮೇಲೆ ಬಾಲ ಅಲ್ಲಾಡಿಸುತ್ತಿದ್ದ ಮಗು, ಅವಳ ಕಣ್ಣ ಮುಂದೆ ಆ ಹೊತ್ತು ಅಲ್ಲಿ ಮಲಗಿತ್ತು. "ಅದು ಬಾಲ" ಎಂದಳು ಮೈಕಿನಲ್ಲಿ, ಯಾರಿಗೆಂದಿಲ್ಲದೆ. "ನನ್ನ ಮಗಳು ಅದನ್ನ ಬಾಲ ಅಂತಿದ್ಲು."

ಕೊಕ್ಕೆಗಳನ್ನು ತೆಗೆದರು. ಅಜ್ಜಿ ಎದ್ದು ಕೂತಳು. ಅವಳ ಹಣೆಯ ತುಂಬ, ಕೆನ್ನೆಯ ತುಂಬ ಜರಡಿಯ ಗುರುತು, ಸಣ್ಣ ಸಣ್ಣ ಗುಂಡನೆಯ ಅಚ್ಚುಗಳು. ಮಗುವೂ ಪ್ರತಿದಿನ ಹೀಗೆಯೇ ಅಚ್ಚೊತ್ತಿಸಿಕೊಂಡು ಹೊರಗೆ ಬರುತ್ತಿತ್ತು. ತಾಯಿ ಮೆಟ್ಟಿಲು ಹತ್ತಿ ಹೋಗಿ, ಅತ್ತೆಯ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಕೆನ್ನೆ ಇನ್ನೂ ಬೆಚ್ಚಗಿತ್ತು.

"ಹೀಗಿತ್ತಾ ಅದಕ್ಕೆ?" ಅಂದಳು ಅಜ್ಜಿ, ಅವಳಿಗೊಬ್ಬಳಿಗೇ ಕೇಳುವ ಹಾಗೆ. "ದಿನಾ?"

"ದಿನಾ ಅತ್ತೆ."

"ನಾನು ಹೊರಗೆ ಕೂತು ಬರೀ ಕಥೆ ಹೇಳ್ತಿದ್ದೆನಲ್ಲೇ."

"ಅದಕ್ಕೇ ತಡ್ಕೊಂಡ್ಲು."

ಆ ದಿನ ಚಹಾ ತಣ್ಣಗಾಯಿತು. ಜನ ವೇದಿಕೆಯ ಹತ್ತಿರ ಬಂದು ಮುಖವಾಡವನ್ನು ಮುಟ್ಟಿ ನೋಡಿದರು, ಡಾಕ್ಟರಮ್ಮನನ್ನು ಸುತ್ತುವರಿದು ಆ ಕೋಣೆ ಎಲ್ಲಿದೆ, ತಾವೇನು ಮಾಡಬೇಕು ಎಂದು ಕೇಳಿದರು. ಎಲ್ಲರೂ ಅಲ್ಲ, ಕೆಲವರು ಎಂದಿನಂತೆ ಕಣ್ಣೊರೆಸಿಕೊಂಡು ಹೊರಟರು. ಆಡಳಿತದವರಲ್ಲಿ ಒಬ್ಬರು, ಈ ವರ್ಷಕ್ಕೆ ಕೋಣೆಯ ಮಾತು ಎತ್ತುವುದು ಬೇಡ, ಮುಂದಿನ ವರ್ಷ ನೋಡೋಣ ಎಂದು ಡಾಕ್ಟರಮ್ಮನಿಗೆ ಹೇಳಿ ಹೋದರು. ಅಷ್ಟೇ. ಅದು ಗೆಲುವೆಂದು ಯಾರೂ ಕುಣಿಯಲಿಲ್ಲ. ಕುಣಿಯುವ ಕಾಲುಗಳು ಅಲ್ಲಿ ಯಾರಿಗೂ ಉಳಿದಿರಲಿಲ್ಲ. ಚಹಾದ ಮುದುಕ ಮಾತ್ರ ಮುಖವಾಡದಣ್ಣನ ತೋಳು ಹಿಡಿದು ಕೇಳುತ್ತಿದ್ದ:

"ಮುಂದಿನ ಸಲ ನಾನು ಮಲಗ್ತೀನಪ್ಪ. ನನ್ನ ಮೂಗು ಸ್ವಲ್ಪ ದೊಡ್ಡದು. ಹಾಳೆ ಸಾಲುತ್ತಾ?"

"ಎಳೆದ್ರೆ ಸಾಲುತ್ತೆ ತಾತ."

ಅತ್ತೆಯ ಮುಖ ಹೊತ್ತ ಆ ಮುಖವಾಡವನ್ನು ಮುಖವಾಡದಣ್ಣ ತಾಯಿಯ ಮುಂದೆ ಹಿಡಿದ. ಸುಕ್ಕು, ಬೊಚ್ಚು ಬಾಯಿ, ಮೂಗಿನ ಪಕ್ಕದಲ್ಲಿ ಉಳಿದುಕೊಂಡ ಒಂದು ಹಸಿರು ಚಕ್ಕೆ. ಮಗುವಿನ ಮುಖದ ಲವಲೇಶವೂ ಅದರಲ್ಲಿರಲಿಲ್ಲ. ಮೂಗಾದರೂ ಹೋಲುತ್ತದೇನೋ ಎಂದು ಅವಳು ನೋಡಿದಳು. ಇಲ್ಲ.

"ಮನೆಗೆ ಒಯ್ತೀರಾ ಅಕ್ಕ?"

"ಬೇಡ. ನಿಮ್ಮ ಹತ್ರಾನೇ ಇರಲಿ. ಬಿಸಿನೀರಿಗೆ ಹಾಕಿಡಿ." ಹೊರಡುತ್ತ ತಿರುಗಿ ಅಂದಳು, "ಮುಂದಿನ ಸಭೆ ಇದ್ರೆ ತಗೊಂಡು ಬನ್ನಿ. ನಾನು ಬರ್ತೀನಿ."

ವಾಪಸು ಬರುವಾಗ ತಂದೆಯ ಬಸ್ಸಿನಲ್ಲಿ ಹೆಚ್ಚು ಜನರಿರಲಿಲ್ಲ. ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಕಿಟಕಿಯ ಆಚೆ ಅಂಗಡಿಗಳು ಬಾಗಿಲು ಎಳೆದುಕೊಳ್ಳುತ್ತಿದ್ದವು. ಅಜ್ಜಿಯ ಕೆನ್ನೆಯ ಗುರುತು ಇನ್ನೂ ಪೂರ್ತಿ ಮಾಸಿರಲಿಲ್ಲ.

"ಅತ್ತೆ" ಅಂದಳು ತಾಯಿ. "ಕೊನೆಗೆ ಹಲ್ಲಿ ಚಂದ್ರನ್ನ ಹಿಡೀತಾ?"

ಅಜ್ಜಿ ಕೆನ್ನೆಯ ಗುರುತನ್ನು ಬೆರಳಿಂದ ಸವರಿಕೊಂಡಳು.

"ನನಗೂ ಗೊತ್ತಿಲ್ಲ ಕಣೇ ಟೇಪಮ್ಮ. ಅಲ್ಲಿ ತನಕ ನಾನು ಹೋಗಿಯೇ ಇರಲಿಲ್ಲ. ದಿನಾ ನಾಳೆ ಅಂತ ಬಿಡ್ತಿದ್ದೆ." ಆಮೇಲೆ, ಎದುರು ಸೀಟಿನಲ್ಲಿ ದೇವರೇ ಕೂತಿದ್ದಾನೆಂಬಂತೆ ಆ ಕಡೆ ನೋಡಿ ಹೇಳಿದಳು, "ಅವನಿಗೆ ಗೊತ್ತಿರುತ್ತೆ. ಕೇಳಿದ್ರೆ ಹೇಳಲ್ಲ."

ತಾಯಿಯ ತಲೆ ನಿಧಾನವಾಗಿ ಅತ್ತೆಯ ಹೆಗಲಿಗೆ ಬಂದು ನಿಂತಿತು. ಮುಂದೆ ತಂದೆ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, ಉಬ್ಬುಗಳ ಮೇಲೆ ಬಸ್ಸು ಕುಲುಕದ ಹಾಗೆ, ತಲೆಗಳು ಅಲ್ಲಾಡದ ಹಾಗೆ, ಮೆಲ್ಲಗೆ ಓಡಿಸಿದ.